ನೀರಿಗೆ ದಾರಿ ಬಿಡದ ಒಡ್ಡು: ಯಲಬುರ್ಗಾ ಸೀಮೆಯ ಒಂದು ಎರೆ ಹೊಲದ ಪ್ರಕರಣ

ಒಡ್ಡು ಹಾಕಿಸಿದ ವರ್ಷವೇ ಹೊಲ ಕೆಟ್ಟಿತು. ಒಣಬೇಸಾಯದಲ್ಲಿ ಮಣ್ಣು ಕೊಚ್ಚಿ ಹೋಗುವುದಕ್ಕೆ ಮದ್ದೇನು ಅಂತ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಒಡ್ಡು. ಇಲ್ಲಿ ಅದೇ ಮದ್ದು ರೋಗಕ್ಕಿಂತ ಜಾಸ್ತಿ ಹಾಳು ಮಾಡಿತು. ಹಾಗೆ ಯಾಕಾಯಿತು, ಆಮೇಲೆ ಏನು ಮಾಡಿದರು, ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಇಂಥದ್ದೇ ಹೊಲ ಇರುವವರು ಈ ಭಾಗದಲ್ಲಿ ಬಹಳ ಜನ ಇದ್ದಾರೆ.

ಹೊಲ ಇರುವುದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿ. ಊರಿನ ಹೆಸರು ಬೇಡ, ಮನೆತನದ ಹೆಸರೂ ಬೇಡ. ಸಣ್ಣ ಊರು, ಸ್ವಲ್ಪ ಸುಳಿವು ಕೊಟ್ಟರೂ ಯಾರು ಅಂತ ಗೊತ್ತಾಗಿಬಿಡುತ್ತದೆ. ನಾಲ್ವರು ಅಣ್ಣತಮ್ಮಂದಿರು. ದೊಡ್ಡವರು, ಎರಡನೆಯವರು, ಮೂರನೆಯವರು, ಸಣ್ಣವರು ಅಂತಲೇ ಕರೆಯುತ್ತೇನೆ. ಇವರ ಹೊಲದ ಕೆಳಗೆ ಇನ್ನೊಬ್ಬರ ಹೊಲ ಇದೆ, ಅವರನ್ನು ಕೆಳಗಿನವರು ಅನ್ನೋಣ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಆಚೀಚೆ ಮಾಡಿದ್ದೇನೆ. ಅಳತೆಗಳು ಸುಮಾರು ಲೆಕ್ಕದವು.

ಹೊಲ, ಪಾಲು, ಟ್ರ್ಯಾಕ್ಟರ್

ತಂದೆಯ ಕಾಲದಲ್ಲಿ ಇದು ಒಂದೇ ಹೊಲ, ಸುಮಾರು 24 ಎಕರೆ. ಕಣ್ಣಿಗೆ ಸಪಾಟಾಗಿ ಕಾಣುತ್ತದೆ. ಆದರೆ ಮೇಲಿನ ತುದಿಯಿಂದ ಕೆಳಗಿನ ತುದಿಗೆ 400 ಮೀಟರ್ ಉದ್ದ ಇದೆ, ಅಷ್ಟರಲ್ಲಿ ನೆಲ ಆರು ಮೀಟರ್ ಇಳಿಯುತ್ತದೆ. ನೂರು ಮೀಟರಿಗೆ ಒಂದೂವರೆ ಮೀಟರ್. ಎರೆ ಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣಿನ ಹೊಲ, ಹಾಳಾಗುವುದಕ್ಕೆ ಇಷ್ಟು ಇಳಿಜಾರು ಸಾಕು. ಮೇಲಿನ ತುದಿಯಲ್ಲಿ ಮಣ್ಣು ತೆಳು, ಎರಡಡಿ ಅಗೆದರೆ ಗರಸು, ಅಂದರೆ ಕಲ್ಲುಹರಳಿನ ಗಟ್ಟಿ ಮಣ್ಣು, ಸಿಗುತ್ತದೆ. ಕೆಳಗೆ ಹೋದ ಹಾಗೆ ಮಣ್ಣು ಆಳವಾಗುತ್ತದೆ, ಕಪ್ಪಾಗುತ್ತದೆ, ಹಸಿ ಹಿಡಿಯುತ್ತದೆ.

ಪಾಲಾಗುವಾಗ ಎಲ್ಲರಿಗೂ ಕೆಳಗಿನ ಮಣ್ಣು ಬೇಕು. ಮೇಲಿನ ಆರು ಎಕರೆ ನಿನಗೆ, ಕೆಳಗಿನ ಆರು ಎಕರೆ ನಿನ್ನ ತಮ್ಮನಿಗೆ ಅಂದರೆ ಯಾರು ಒಪ್ಪುತ್ತಾರೆ? ಹಿರಿಯರು ಕೂತು ಹೊಲವನ್ನು ಉದ್ದಕ್ಕೆ ಸೀಳಿದರು. ಒಬ್ಬೊಬ್ಬರಿಗೆ 60 ಮೀಟರ್ ಅಗಲ, 400 ಮೀಟರ್ ಉದ್ದದ ಪಟ್ಟಿ. ಎಲ್ಲರಿಗೂ ಒಂದಿಷ್ಟು ಗರಸು, ಒಂದಿಷ್ಟು ಎರೆ. ನ್ಯಾಯದ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಪಾಲು ಸಾಧ್ಯವಿರಲಿಲ್ಲ. ಮಣ್ಣಿನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಪಾಲೂ ಇಲ್ಲ. ಈ ಕಡೆ ಇಂಥ ಪಟ್ಟಿ ಹೊಲಗಳು ಎಷ್ಟಿವೆ ಅಂದರೆ, ಮಣ್ಣು ಹೋಗುವುದಕ್ಕೆ ಮಳೆಯಷ್ಟೇ ಪಾಲೂ ಕಾರಣ ಅಂತ ನಾನು ಹೇಳುತ್ತೇನೆ. ಯೋಜನೆಗಳ ಕಾಗದದಲ್ಲಿ ಇಳಿಜಾರು ಇರುತ್ತದೆ, ಮಣ್ಣಿನ ಬಗೆ ಇರುತ್ತದೆ, ಅಣ್ಣತಮ್ಮಂದಿರ ಪಾಲು ಮಾತ್ರ ಇರುವುದಿಲ್ಲ.

ಪಾಲಿನಿಂದ ಏನಾಯಿತು ನೋಡಿ. ತಂದೆ ಎತ್ತು ಕಟ್ಟಿ ಇಳಿಜಾರಿಗೆ ಅಡ್ಡ ಹರಗುತ್ತಿದ್ದರು. 60 ಮೀಟರ್ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಅಡ್ಡ ಓಡಿಸಿದರೆ ತಿರುವುಗಳಲ್ಲೇ ಹೊತ್ತು ಹೋಗುತ್ತದೆ, ಬಾಡಿಗೆ ತಾಸಿನ ಲೆಕ್ಕ. ಹಾಗಾಗಿ ಎಲ್ಲರೂ ಉದ್ದಕ್ಕೆ, ಅಂದರೆ ಮೇಲಿಂದ ಕೆಳಕ್ಕೆ, ಹರಗಿಸಿದರು, ಬಿತ್ತಿಸಿದರು. ಒಂದೊಂದು ಸಾಲೂ ನೀರಿಗೆ ಒಂದೊಂದು ಕಾಲುವೆಯಾಯಿತು. ಪಟ್ಟಿ ಪಟ್ಟಿಯ ನಡುವಿನ ಬಾಂದು (ಗಡಿಯ ಬದು) ಕೂಡ ಇಳಿಜಾರಿನ ಉದ್ದಕ್ಕೇ ಇಳಿಯುತ್ತದೆ. ಬಾಂದಿನ ಪಕ್ಕದ ತಗ್ಗಿನಲ್ಲಿ ನೀರು ಓಡಿ ಓಡಿ ಅಲ್ಲೇ ಕೊರಕಲು ಬಿತ್ತು.

ಇದರ ಮೇಲೆ ಬೆಳೆಯ ಪದ್ಧತಿ. ಎರೆ ಹೊಲದಲ್ಲಿ ಮುಖ್ಯ ಬೆಳೆ ಹಿಂಗಾರಿಯದು: ಬಿಳಿಜೋಳ, ಕಡಲೆ, ಒಂದಿಷ್ಟು ಕುಸುಬಿ. ಮುಂಗಾರಿನಲ್ಲಿ ಹೊಲವನ್ನು ಹರಗಿ ಖಾಲಿ ಬಿಡುತ್ತಾರೆ. ನಮ್ಮ ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಬಿತ್ತಿಗೆಗೆ ಸ್ವಲ್ಪ ಮುಂಚೆ ಅಥವಾ ಬಿತ್ತಿದ ಮೇಲೆ. ಅಂದರೆ ಜೋರು ಮಳೆ ಬೀಳುವಾಗ ನೆಲದ ಮೇಲೆ ಒಂದು ಎಲೆಯೂ ಇರುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಮಣ್ಣು ಮೊದಲ ಮಳೆಯನ್ನು ಪೂರ್ತಿ ನುಂಗುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಮೇಲೆ ನೀರು ಇಂಗುವುದು ಬಹಳ ನಿಧಾನ. ಒಂದು ಎಕರೆ ಮೇಲೆ 50 ಮಿ.ಮೀ. ಮಳೆ ಅಂದರೆ 2 ಲಕ್ಷ ಲೀಟರ್ ನೀರು. 24 ಎಕರೆಗೆ 48 ಲಕ್ಷ. ಅದರಲ್ಲಿ ಅರ್ಧ ಇಂಗಿತು ಅಂದುಕೊಂಡರೂ ಉಳಿದ 24 ಲಕ್ಷ ಲೀಟರ್ ಒಂದೆರಡು ತಾಸಿನಲ್ಲಿ ಎಲ್ಲಿಗೋ ಹೋಗಬೇಕಲ್ವಾ?

ಕಾಣದ ನಷ್ಟ

ಸಮಸ್ಯೆ ಏನು ಅಂತ ಕೇಳಿದರೆ ಮನೆಯವರು ಮೊದಲು ಹೇಳಿದ್ದು "ಮೇಲಿನ ತುದಿಗೆ ಬೆಳಿ ಬರವಲ್ದು" ಅಂತ. ಗೊಬ್ಬರ ಸಾಲುತ್ತಿಲ್ಲ ಅಂತ ಡಿಎಪಿ ಹೆಚ್ಚಿಸಿದ್ದರು. ಜೋಳದ ಸಸಿ ಹಳದಿಯಾಗುತ್ತಿತ್ತು, ಕಡಲೆ ಡಿಸೆಂಬರ್ ಹೊತ್ತಿಗೇ ಬಾಡುತ್ತಿತ್ತು. ಹೋಗಿ ನೋಡಿದರೆ ಮೇಲಿನ ಮೂರನೇ ಒಂದು ಭಾಗದಲ್ಲಿ ಮಣ್ಣಿನ ಬಣ್ಣವೇ ಬೇರೆ. ಸುಣ್ಣದ ಹರಳುಗಳು ಮೇಲೆ ಬಂದು ಹೊಲ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಕಾಲದಲ್ಲಿ ಮಣ್ಣಿನ ಕೆಳಗೆ ಇದ್ದ ಪದರ ಅದು.

ಈ ನಷ್ಟ ವರ್ಷ ವರ್ಷ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಮಳೆಯಲ್ಲಿ ಬಿದ್ದ ಸಣ್ಣ ಸಣ್ಣ ಕೊರಕಲುಗಳನ್ನು ಮುಂದಿನ ಹರಗಾಟದಲ್ಲಿ ಮುಚ್ಚಿಬಿಡುತ್ತಾರೆ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೂ ಅದು ಸುಮಾರು ಐದು ಟನ್, ಹತ್ತಿರ ಹತ್ತಿರ ಎರಡು ಟ್ರೇಲರ್. ಅದೂ ನುಣುಪು ಮಣ್ಣು, ಸಾವಯವ ಅಂಶ ಮೊದಲು ಹೋಗುತ್ತವೆ. ಹರಳು, ಗರಸು ಉಳಿಯುತ್ತವೆ. ಗೊಬ್ಬರದಿಂದ ಇದನ್ನು ತುಂಬಲು ಆಗುವುದಿಲ್ಲ. ಹಿಂಗಾರಿ ಬೆಳೆ ಬದುಕುವುದು ಮಣ್ಣೊಳಗೆ ಕೂಡಿಟ್ಟ ಹಸಿಯ ಮೇಲೆ. ಒಳ್ಳೆಯ ಎರೆ ಮಣ್ಣು ಒಂದಡಿ ಆಳದಲ್ಲಿ ಬೆಳೆಗೆ ಸಿಗುವಂಥ ಸುಮಾರು 50 ಮಿ.ಮೀ. ನೀರು ಹಿಡಿದುಕೊಳ್ಳುತ್ತದೆ. ಅರ್ಧ ಅಡಿ ಮಣ್ಣು ಹೋದರೆ 25 ಮಿ.ಮೀ. ನೀರಿನ ಜಾಗ ಕಾಯಂ ಆಗಿ ಹೋಯಿತು. ಕಡಲೆ ಡಿಸೆಂಬರಿನಲ್ಲಿ ಬಾಡುವುದು ಅದಕ್ಕೇ.

ಹೋದ ಮಣ್ಣು ಎಲ್ಲಿ ಹೋಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಹಿರೇಹಳ್ಳದ ಹೂಳು ತೆಗೆದದ್ದು ಈ ಭಾಗದವರಿಗೆಲ್ಲ ಗೊತ್ತು. ದೊಡ್ಡ ಕೆಲಸ. ಆದರೆ ಆ ಹೂಳು ಆಕಾಶದಿಂದ ಬಿದ್ದದ್ದೇನಲ್ಲ. ತುಂಗಭದ್ರಾ ಜಲಾಶಯದ ಕಥೆಯೂ ಇದೇ, ಅಲ್ಲಿ ಮಾತ್ರ ಮಣ್ಣು ಮೇಲಿನ ಸೀಮೆಯದು. 1953ರಲ್ಲಿ ನೀರು ನಿಂತಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗಿನ ಲೆಕ್ಕ 105.788. ಹೂಳಿನ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಅದು ಹೊರಟ ಹೊಲದ ಬಗ್ಗೆ ಅಷ್ಟು ಮಾತಾಡುವುದಿಲ್ಲ.

ಮೊದಲ ಪ್ರಯತ್ನಗಳು, ಆಮೇಲೆ 2020

ದೊಡ್ಡವರು ಸುಮ್ನೆ ಕೂತಿರಲಿಲ್ಲ. ಕೊರಕಲಿಗೆ ಕಲ್ಲು ತುಂಬಿದರು, ಗೋಣಿ ಚೀಲದಲ್ಲಿ ಮಣ್ಣು ತುಂಬಿ ಅಡ್ಡ ಇಟ್ಟರು. ನೀರು ಪಕ್ಕದಿಂದ ಸುತ್ತಿಕೊಂಡು ಹೋಗಿ ಕೊರಕಲು ಇನ್ನೊಂದಡಿ ಅಗಲವಾಯಿತು. ಕೆರೆಯ ಹೂಳು ತಂದು ಮೇಲಿನ ತುದಿಗೆ ಹರಡಿದರು. ಕೆರೆ ಹೂಳು ಮಸಾರಿ ಹೊಲಕ್ಕೆ (ಕೆಂಪು ಮಣ್ಣಿನದು), ಗರಸು ಹೊಲಕ್ಕೆ ಒಳ್ಳೆಯದೇ. ಆದರೆ ಇಳಿಜಾರಿನ ಉದ್ದಕ್ಕೆ ಹರಗುವ ಹೊಲದಲ್ಲಿ ಅದು ಎಷ್ಟು ದಿನ ನಿಲ್ಲುತ್ತದೆ? ದುಡ್ಡು ಕೊಟ್ಟು ತಂದ ಮಣ್ಣಿನಲ್ಲಿ ಅರ್ಧ ಒಂದೇ ಮಳೆಗಾಲದಲ್ಲಿ ಕೆಳಗಿನವರ ಹೊಲ ಸೇರಿತು. ಕೆಳಗಿನವರು ಆಗ ಏನೂ ಅನ್ನಲಿಲ್ಲ, ಬಿಟ್ಟಿ ಹೂಳು ಬಂದರೆ ಯಾರು ಬೇಡ ಅಂತಾರೆ.

2020ರ ಬೇಸಿಗೆ ಲಾಕ್‌ಡೌನ್. ಬೆಂಗಳೂರಿಗೆ, ಮಂಗಳೂರಿಗೆ ದುಡಿಯಲು ಹೋದವರೆಲ್ಲ ಊರಿಗೆ ಬಂದಿದ್ದರು, ಸಣ್ಣವರೂ ಬಂದಿದ್ದರು. ಊರಲ್ಲೇ ಕೂಲಿ ಕೊಡುವ ಯೋಜನೆಯಲ್ಲಿ ಹೊಲಗಳಿಗೆ ಒಡ್ಡು ಹಾಕುವ ಕೆಲಸ ಜೋರಾಗಿ ನಡೆಯಿತು. ನಾಲ್ಕೂ ಪಟ್ಟಿಗಳಿಗೆ ಒಡ್ಡು ಬಿತ್ತು. ಒಬ್ಬೊಬ್ಬರ ಅರ್ಜಿ ಬೇರೆ, ಹಾಗಾಗಿ ಒಬ್ಬೊಬ್ಬರ ಒಡ್ಡೂ ಬೇರೆ. ದೊಡ್ಡವರ ಒಡ್ಡು ಒಂದು ಕಡೆ, ಎರಡನೆಯವರದ್ದು ಇಪ್ಪತ್ತು ಮೀಟರ್ ಕೆಳಗೆ, ಮೂರನೆಯವರದ್ದು ಇನ್ನೆಲ್ಲೋ. ಯಾವುದೂ ಒಂದಕ್ಕೊಂದು ಕೂಡುವುದಿಲ್ಲ, ಎಲ್ಲವೂ ತಂತಮ್ಮ ಬಾಂದಿನಲ್ಲಿ ಹೋಗಿ ನಿಲ್ಲುತ್ತವೆ. ಕೂಲಿ ಮಣ್ಣಿನ ಘನ ಮೀಟರ್ ಲೆಕ್ಕದಲ್ಲಿ, ಆದ್ದರಿಂದ ಒಡ್ಡು ಒಳ್ಳೆ ಎತ್ತರವಾಗಿ, ದಪ್ಪವಾಗಿ ಬಂತು. ಹೆಚ್ಚಾದ ನೀರು ಹೊರಗೆ ಹೋಗುವ ಕಲ್ಲಿನ ಕೋಡಿಗೆ ಸಾಮಗ್ರಿ ಬೇಕು, ಅದು ಆಮೇಲೆ ನೋಡೋಣ ಅಂತಾಯಿತು.

ಆ ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಬಿಡದೆ ಹಿಡಿಯಿತು. ಒಡ್ಡಿನ ಹಿಂದೆ ನೀರು ನಿಂತಿತು. ಇಂಗಲಿಲ್ಲ, ಹೊರಗೆ ಹೋಗಲು ದಾರಿಯೂ ಇಲ್ಲ. ಹಸಿ ಎರೆ ಹೆಂಟೆಗಳಿಂದ ಕಟ್ಟಿದ ಒಡ್ಡು ಬೇಸಿಗೆಯಲ್ಲೇ ಒಣಗಿ ಬಿರುಕು ಬಿಟ್ಟಿತ್ತು. ಆ ಬಿರುಕಿನೊಳಗೆ ನೀರು ನುಗ್ಗಿ ಮೊದಲು ದೊಡ್ಡವರ ಒಡ್ಡು ಒಡೆಯಿತು. ಅಲ್ಲಿಂದ ಬಂದ ನೀರಿನ ರಭಸಕ್ಕೆ ಎರಡನೆಯವರದ್ದು. ಸಣ್ಣವರ ಒಡ್ಡು ಒಡೆಯಲಿಲ್ಲ, ಆದರೆ ನೀರು ಅದರ ತುದಿ ಸುತ್ತಿಕೊಂಡು ಬಾಂದಿನ ಕೊರಕಲಿಗೆ ಇಳಿಯಿತು. ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಇದ್ದ ಕೊರಕಲು ಸೊಂಟದುದ್ದ ಆಗಿತ್ತು. ಕೆಳಗಿನವರು ಬೇಗ ಬಿತ್ತಿದ್ದ ಜೋಳದ ಮೇಲೆ ಈ ಸಲ ಹೂಳು ಬರಲಿಲ್ಲ, ಗರಸು, ಹರಳು ಬಂದು ಹಾಸಿತು.

ಇದು ಹೊಸ ವಿಷಯವೇನಲ್ಲ. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರಿನ ಸಂರಕ್ಷಣೆಗಾಗಿಯೇ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಇದೆ. ಮಟ್ಟಸವಾಗಿ ಹಾಕಿ ನೀರು ಪೂರ್ತಿ ತಡೆಯುವ ಸಮಪಾತಳಿ ಒಡ್ಡು ಮಸಾರಿ ಹೊಲಕ್ಕೆ ಸರಿ, ಯಾಕೆಂದರೆ ಅಲ್ಲಿ ನೀರು ಬೇಗ ಇಂಗುತ್ತದೆ. ಆಳವಾದ ಎರೆ ಹೊಲಕ್ಕೆ ಬೇಕಾದದ್ದು ಒಂದು ಕಡೆಗೆ ಸ್ವಲ್ಪವೇ ಇಳಿಜಾರು ಕೊಟ್ಟು, ಹೆಚ್ಚಾದ ನೀರನ್ನು ನಿಧಾನಕ್ಕೆ ಹೊರಗೆ ಕಳಿಸುವ ಒಡ್ಡು. ಪುಸ್ತಕಗಳಲ್ಲಿ ಇದು ದಶಕಗಳಿಂದ ಇದೆ. ಕೆಲಸ ನಡೆಯುವ ಜಾಗಕ್ಕೆ ಬರುವಷ್ಟರಲ್ಲಿ ಮಸಾರಿಯೋ ಎರೆಯೋ ಅನ್ನುವ ಭೇದ ಮರೆತುಹೋಗುತ್ತದೆ.

ಜಗಳ ಮತ್ತು ಅದರ ಉಪಯೋಗ

ಕೆಳಗಿನವರು ಠಾಣೆಗೆ ಹೋಗುತ್ತೇನೆ ಅಂದರು. ಊರ ಹಿರಿಯರು ಕರೆಸಿ ಕೂಡ್ರಿಸಿದರು. ಜಲಾನಯನ ಕೆಲಸದಲ್ಲಿ ಈ ಊರುಗಳನ್ನು ತಿರುಗುತ್ತಿದ್ದ ನನ್ನನ್ನೂ ಕರೆದರು. ಅಲ್ಲಿ ಕೆಳಗಿನವರು ಹೇಳಿದ ಮಾತು ಇದು: "ನಿಮ್ಮ ನೀರ ನಿಮ್ಮ ಹೊಲದಾಗ ಇಟ್ಕೊಳ್ರಿ. ಇಲ್ಲಂದ್ರ ಎಲ್ಲಿ ಬಿಡ್ತೀರಿ ಅಂತ ಮೊದಲ ಹೇಳ್ರಿ. ರಾತ್ರಿ ಕಳ್ಳನಂಗ ಬಂದ್ರ ನಾ ಏನ್ ಮಾಡ್ಲಿ?"

ನನಗೆ ಈ ಪ್ರಕರಣದ ನಿಜವಾದ ತಿರುವು ಆ ಮಾತು. ಅವರು ನೀರೇ ಬೇಡ ಅನ್ನಲಿಲ್ಲ. ಎಲ್ಲಿಂದ ಬರುತ್ತದೆ ಅಂತ ಗೊತ್ತಿರಬೇಕು ಅಂದರು. ಅಲ್ಲಿಯವರೆಗೆ ಎಲ್ಲರೂ ಒಡ್ಡು ಎಷ್ಟು ಎತ್ತರ, ಎಷ್ಟು ದಪ್ಪ ಅಂತಲೇ ಮಾತಾಡುತ್ತಿದ್ದರು. ಆ ದಿನದಿಂದ ಮಾತು ಕೋಡಿಯ ಕಡೆಗೆ ತಿರುಗಿತು.

ಆಗ ಅಣ್ಣತಮ್ಮಂದಿರ ತಾಯಿ ಒಂದು ವಿಷಯ ನೆನಪು ಮಾಡಿಕೊಟ್ಟರು. ಹಿಂದೆ ಬನ್ನಿ ಗಿಡದ ಕೆಳಗೆ ಕಲ್ಲು ಜೋಡಿಸಿ ನೀರು ಹೊರಬೀಳಲು ದಾರಿ ಮಾಡಿದ್ದರಂತೆ. ಹುನಗುಂದ ಸೀಮೆಯಲ್ಲಿ ಗುಂಡಾವರ್ತಿ ಅನ್ನುತ್ತಾರಲ್ಲ, ಆ ಬಗೆಯದು. ಪಾಲಾದ ಮೇಲೆ ಆ ಕಲ್ಲುಗಳನ್ನು ಎರಡನೆಯವರ ಮನೆಯ ಬುನಾದಿಗೆ ಒಯ್ದರು. ಹಳೆಯವರಿಗೆ ಎಲ್ಲ ಗೊತ್ತಿತ್ತು ಅಂತ ಹಾಡಿ ಹೊಗಳಲು ನಾನು ಇದನ್ನು ಹೇಳುತ್ತಿಲ್ಲ. ಅದೇ ಅವ್ವ, "ಆವಾಗೂ ಕೆಳಗಿನ ಹೊಲದೋರು ಬೈತಿದ್ರಪ್ಪಾ" ಅಂತಲೂ ಹೇಳಿದರು. ಆದರೆ ಒಂದು ಜಾಗ ಸಿಕ್ಕಿತು. ನೀರು ತಾನಾಗಿ ಅತ್ತ ಹೋಗುತ್ತಿತ್ತು ಅನ್ನುವುದು ತಿಳಿಯಿತು.

ಮುಂದಿನ ಮಳೆಯಲ್ಲಿ ಕೊಡೆ ಹಿಡಿದು ಹೊಲ ಸುತ್ತಿದೆವು. ದೊಡ್ಡವರು, ಸಣ್ಣವರು, ಕೆಳಗಿನವರು, ನಾನು. ಇದನ್ನು ಯಾರೇ ಮಾಡಲಿ, ಮಳೆ ನಿಂತ ಮೇಲೆ ಮಾಡಬೇಡಿ, ಬರುತ್ತಿರುವಾಗಲೇ ಮಾಡಿ. ನಕ್ಷೆಯಲ್ಲಿ ಕಾಣದ ಎರಡು ವಿಷಯ ಕಂಡವು. ಮೇಲಿನ ದಾರಿಯ ನೀರು ಕೂಡ ಹೊಲದೊಳಗೆ ಬರುತ್ತಿತ್ತು. ಮತ್ತೆ, ಹೊಲದ ನಡುಭಾಗ ಸ್ವಲ್ಪ ಉಬ್ಬು, ನೀರು ಸಹಜವಾಗಿ ಎರಡೂ ಪಕ್ಕಕ್ಕೆ ಸರಿಯುತ್ತದೆ. ಉದ್ದಕ್ಕೆ ಹರಗಿದ್ದರಿಂದ ಮಾತ್ರ ನೇರ ಕೆಳಗೆ ಓಡುತ್ತಿತ್ತು.

ಬಾಂದು ತೆಗೆಯುವ ಪ್ರಶ್ನೆ

ಎರಡನೆಯ ತಿರುವು ಇದಕ್ಕಿಂತ ಕಷ್ಟದ್ದು. ಒಡ್ಡು ನೆಲದ ಮಟ್ಟವನ್ನು ಹಿಡಿದು ಹೋಗಬೇಕು ಅಂದರೆ ಅದು ಒಬ್ಬರ ಪಟ್ಟಿಯಲ್ಲಿ ಶುರುವಾಗಿ ಇನ್ನೊಬ್ಬರ ಪಟ್ಟಿಯಲ್ಲಿ ಮುಗಿಯುತ್ತದೆ. ಅಡ್ಡ ಹರಗಬೇಕು ಅಂದರೆ ನಡುವಿನ ಬಾಂದು ಇರಬಾರದು. ಬಾಂದು ತೆಗೆಯುವುದು ಅಂದರೆ ಈ ಸೀಮೆಯಲ್ಲಿ ಸಣ್ಣ ಮಾತಲ್ಲ.

ಎರಡನೆಯವರ ಹೆಂಡತಿ ನೇರವಾಗಿ ಕೇಳಿದರು, "ಇವತ್ತ ನೀವು ಅಣ್ಣತಮ್ಮರು ಚಲೋ ಅದೀರಿ. ನಾಳೆ ನಮ್ಮ ಮಕ್ಳ ಕಾಲಕ್ಕ ಜಗಳ ಬಂದ್ರ ಯಾರ ಗತಿ?" ಪಹಣಿಯಲ್ಲಿ ಎಲ್ಲ ಇರುತ್ತದೆ ಅಂತ ಹೇಳುವುದು ಸುಲಭ. ಆದರೆ ಪಹಣಿ ನೋಡಿ ಯಾರೂ ಹರಗುವುದಿಲ್ಲ, ಬಾಂದು ನೋಡಿ ಹರಗುತ್ತಾರೆ. ಕೊನೆಗೆ ಆದ ಒಪ್ಪಂದ ಹೀಗಿತ್ತು. ಮಣ್ಣಿನ ಬಾಂದು ತೆಗೆಯುವುದು, ಬಾಂದು ಕಲ್ಲು ಉಳಿಸುವುದು. ಎರಡು ತುದಿಯಲ್ಲಿ, ನಡುವೆ ಎರಡು ಕಡೆ ಕಲ್ಲು ನೆಟ್ಟು ಬುಡಕ್ಕೆ ಸಿಮೆಂಟ್ ಹಾಕಿದರು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಒಂದು ಕಾಗದ ಬರೆದು ಎಲ್ಲರೂ ಸಹಿ ಹಾಕಿದರು. ದೊಡ್ಡವರು, ಎರಡನೆಯವರು ಇಬ್ಬರೂ ಒಂದೇ ಬೆಳೆ ಇಡುವುದು, ಒಂದೇ ದಿನ ಅಡ್ಡ ಬಿತ್ತುವುದು, ರಾಶಿಯ ಹೊತ್ತಿಗೆ ಕಲ್ಲಿನಿಂದ ಕಲ್ಲಿಗೆ ಹಗ್ಗ ಕಟ್ಟಿ ತಂತಮ್ಮದು ಕೊಯ್ದುಕೊಳ್ಳುವುದು. 120 ಮೀಟರ್ ಅಗಲ ಸಿಕ್ಕ ಮೇಲೆ ಟ್ರ್ಯಾಕ್ಟರಿನವನೂ ತಕರಾರು ಮಾಡಲಿಲ್ಲ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಮಣ್ಣಿಗೆ ಅತಿ ಹೆಚ್ಚು ಲಾಭ ಮಾಡಿದ್ದು ಈ ಕಾಗದ. ಒಡ್ಡಿನ ಲಾಭ ಇದರ ಮುಂದೆ ಎರಡನೆಯದು.

ಮೂರನೆಯವರು ಬರಲಿಲ್ಲ. ಅವರು ಊರಲ್ಲಿಲ್ಲ, ಹೊಲ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರು. ಲಾವಣಿ ಹಿಡಿದವರಿಗೆ ವರ್ಷಕ್ಕೊಮ್ಮೆ ಯುಗಾದಿಗೆ ಲೆಕ್ಕ, ಮುಂದಿನ ವರ್ಷ ಹೊಲ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅಂಥವರಿಗೆ ಹತ್ತು ವರ್ಷದ ಮಣ್ಣಿನ ಮಾತು ಹೇಳಿದರೆ ಯಾಕೆ ಕೇಳುತ್ತಾರೆ? ಅವರು ಕೆಟ್ಟವರಲ್ಲ, ಲೆಕ್ಕ ಹಾಗಿದೆ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು: ಮೂರನೆಯವರು ಒಪ್ಪುವ ತನಕ ಕಾಯುವುದೋ, ಅವರನ್ನು ಬಿಟ್ಟು ಮುಂದೆ ಹೋಗುವುದೋ. ಅವರ ಪಟ್ಟಿ ನಡುವೆ ಇದೆ, ಅದನ್ನು ಬಿಟ್ಟರೆ ಒಡ್ಡು ಪೂರ್ತಿ ಆಗುವುದಿಲ್ಲ. ದೊಡ್ಡವರು ಕಾಯೋಣ ಅಂದರು, ಸಣ್ಣವರು ಬೇಡ ಅಂದರು. ನೆಲ ಎರಡು ಪಕ್ಕಕ್ಕೆ ಇಳಿಯುತ್ತದೆ ಅನ್ನುವುದು ಆಗ ಕೆಲಸಕ್ಕೆ ಬಂತು. ಮೊದಲ ಎರಡು ಪಟ್ಟಿಯ ನೀರನ್ನು ಒಂದು ಪಕ್ಕಕ್ಕೆ, ಬನ್ನಿ ಗಿಡದ ಕಡೆಗೆ ತಿರುಗಿಸುವುದು. ಸಣ್ಣವರ ಪಟ್ಟಿಯ ನೀರನ್ನು ಇನ್ನೊಂದು ಪಕ್ಕದ ಬಂಡಿ ದಾರಿಯ ಕಡೆಗೆ. ಮೂರನೆಯವರದ್ದನ್ನು ಸದ್ಯಕ್ಕೆ ಬಿಡುವುದು. ಅಪೂರ್ಣ ಕೆಲಸ, ಗೊತ್ತು. ಆದರೆ ಕಾದಿದ್ದರೆ ಇವತ್ತಿಗೂ ಕಾಯುತ್ತಿದ್ದರು.

ಏನೇನು ಮಾಡಿದರು

ಮಟ್ಟ ನೋಡಲು ದೊಡ್ಡ ಯಂತ್ರ ತರಲಿಲ್ಲ. ಗೌಂಡಿಗಳು ಬಳಸುವ ನೀರು ತುಂಬಿದ ಪೈಪು ಸಾಕಾಯಿತು. ನೂರು ಮೀಟರಿಗೆ 20ರಿಂದ 30 ಸೆಂ.ಮೀ. ಇಳಿಯುವ ಹಾಗೆ ಗೂಟ ಹೊಡೆದು, ಆ ಗೆರೆಯ ಮೇಲೆ ಒಡ್ಡು ಹಾಕಿದರು. ಹಳೆಯ ಒಡ್ಡುಗಳನ್ನು ಒಡೆದು ಅದೇ ಮಣ್ಣು ಬಳಸಿದರು. ಈ ಸಲ ಎತ್ತರ ಕಡಿಮೆ, ಬುಡ ಅಗಲ, ಮಣ್ಣಿನ ಹೆಂಟೆ ಒಡೆದು ತುಳಿಸಿದ್ದು. ಪ್ರತಿ ಒಡ್ಡಿನ ತುದಿಯಲ್ಲಿ ಕಲ್ಲಿನ ಕೋಡಿ, ಅದರ ಹೊಸ್ತಿಲು ಒಡ್ಡಿನ ತಲೆಗಿಂತ ಒಂದೂವರೆ ಅಡಿ ಕೆಳಗೆ. ಮೇಲಿನ ದಾರಿಯ ನೀರು ಒಳಗೆ ಬರದಂತೆ ಒಂದು ಸಣ್ಣ ಕಾಲುವೆ ತೋಡಿ ಪಕ್ಕಕ್ಕೆ ತಿರುಗಿಸಿದರು. ಅದು ಅರ್ಧ ದಿನದ ಕೆಲಸ, ಆದರೆ ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಕೆಳಗಿನವರು ಒಂದು ಷರತ್ತು ಹಾಕಿದರು. ಬನ್ನಿ ಗಿಡದ ಕೋಡಿಯ ನೀರು ಅವರ ಕೃಷಿ ಹೊಂಡಕ್ಕೆ ಹೋಗಲಿ, ಆದರೆ ಹೊಂಡಕ್ಕಿಂತ ಮುಂಚೆ ಒಂದು ಹೂಳು ಗುಂಡಿ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಮೇಲಿನವರೇ ತೆಗೆಯಬೇಕು. ಕಠಿಣ ಅನ್ನಿಸಿತು. ಆಮೇಲೆ ಮೇಲಿನವರಿಗೂ ಅದರಲ್ಲಿ ಲಾಭ ಕಂಡಿತು. ಗುಂಡಿಯಲ್ಲಿ ಕೂತ ಮಣ್ಣು ಅವರದ್ದೇ, ನುಣುಪು ಮಣ್ಣು, ಅದನ್ನು ಟ್ರೇಲರಿನಲ್ಲಿ ತಂದು ಮತ್ತೆ ಗರಸಿನ ತುದಿಗೆ ಹಾಕುತ್ತಾರೆ. ಪ್ರತಿ ವರ್ಷ ಎಷ್ಟು ಮಣ್ಣು ಹೋಯಿತು ಅನ್ನುವುದನ್ನೂ ಕಣ್ಣಾರೆ ನೋಡುತ್ತಾರೆ.

ಒಡ್ಡುಗಳ ನಡುವಿನ ಹೊಲದಲ್ಲಿ ಜುಲೈ ಹೊತ್ತಿಗೆ ಚೌಕುಮಡಿ ಕಟ್ಟಿದರು. ವಿಜಯಪುರ ಕಡೆ ಇದು ರೂಢಿ, ಇಲ್ಲಿ ಅಷ್ಟಿಲ್ಲ. ನಾಲ್ಕೂವರೆ ಮೀಟರಿನ ಚೌಕಗಳು, ಸಣ್ಣ ಬದು. ಮಳೆ ಬಿದ್ದ ಚೌಕದಲ್ಲೇ ನಿಂತು ಅಲ್ಲೇ ಇಂಗುತ್ತದೆ, ಓಡಲು ವೇಗ ಸಿಗುವುದಿಲ್ಲ. ಬಿತ್ತಿಗೆಗೆ ಮುಂಚೆ ಹರಗಿ ಕೆಡಿಸುತ್ತಾರೆ. ಇಡೀ ವ್ಯವಸ್ಥೆಯಲ್ಲಿ ಹಸಿ ಉಳಿಸುವುದು ಚೌಕುಮಡಿ, ಒಡ್ಡು ಮತ್ತು ಕೋಡಿ ಇರುವುದು ಮಿಕ್ಕಿದ ನೀರಿಗೆ. ಈ ಎರಡು ಕೆಲಸವನ್ನೂ ಒಡ್ಡೊಂದರಿಂದಲೇ ಮಾಡಿಸಲು ಹೋಗಿದ್ದೇ 2020ರ ಎಡವಟ್ಟು.

ಕೆಳಗಿನ ಅರ್ಧದಲ್ಲಿ, ಮುಂಗಾರಿ ಬೇಗ ಬಂದ ವರ್ಷ ಮಾತ್ರ, ಹೆಸರು ಬಿತ್ತುವುದು ಅಂತಾಯಿತು. ಎರಡು ತಿಂಗಳ ಬೆಳೆ, ನೆಲ ಮುಚ್ಚುತ್ತದೆ, ಆಮೇಲೆ ಜೋಳ ಬಿತ್ತಬಹುದು. ಇದರ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತ ಇಲ್ಲ. ಹೆಸರು ಕುಡಿದ ಹಸಿ ಜೋಳಕ್ಕೆ ಕಡಿಮೆಯಾಗುತ್ತದೆ ಅಂತ ಎರಡನೆಯವರ ವಾದ, ಅವರ ಮಾತಿನಲ್ಲಿ ಸತ್ಯ ಇದೆ.

ಏನಾಯಿತು

ಮೊದಲ ವರ್ಷವೇ ಒಂದು ಕೋಡಿ ಕಿತ್ತುಕೊಂಡು ಹೋಯಿತು. ಕಲ್ಲು ಸಣ್ಣವಿದ್ದವು, ಮೇಲಾಗಿ ನೀರು ಬೀಳುವ ಜಾಗಕ್ಕೆ ಕಲ್ಲು ಹಾಸಿರಲಿಲ್ಲ. ನೀರು ಬಿದ್ದು ಬಿದ್ದು ಬುಡ ಕೊರೆದು ಮೇಲಿನದ್ದು ಕುಸಿಯಿತು. ದೊಡ್ಡ ಕಲ್ಲು ತಂದು, ಕೆಳಗೆ ಆರಡಿ ಉದ್ದ ಹಾಸಿ ಮತ್ತೆ ಕಟ್ಟಿದರು. ಅಲ್ಲಿಂದ ನಿಂತಿದೆ. 2022ರಲ್ಲಿ ಮಳೆ ಜಾಸ್ತಿಯೇ ಆಯಿತು, ಆಗಲೂ ಒಡ್ಡು ಒಡೆಯಲಿಲ್ಲ. ಕೆಳಗಿನವರು ಜಗಳಕ್ಕೆ ಬರಲಿಲ್ಲ, ಹೊಂಡ ತುಂಬಿತು ಅಂತ ಹೇಳಲು ಬಂದರು.

2023 ಬೇರೆ ಬಗೆಯ ಪರೀಕ್ಷೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ ವರ್ಷ. ಆಗಸ್ಟ್ ಪೂರ್ತಿ ಒಣಗಿತು. ಹೆಸರು ಕೈಗೆ ಬರಲಿಲ್ಲ. ಜೋಳ ದೊಡ್ಡವರಿಗೂ ಎರಡನೆಯವರಿಗೂ ಎಕರೆಗೆ ಎರಡು ಚೀಲದ ಆಸುಪಾಸು ಬಂತು, ಜೊತೆಗೆ ಕಣಕಿ, ಅಂದರೆ ಜೋಳದ ದಂಟಿನ ಮೇವು. ಒಳ್ಳೆಯ ವರ್ಷದ ಮುಂದೆ ಇದು ಏನೂ ಅಲ್ಲ. ಮೂರನೆಯವರ ಪಟ್ಟಿಯಲ್ಲಿ ತೆನೆ ಕಟ್ಟಲಿಲ್ಲ, ಲಾವಣಿಯವರು ಮೇವಿಗೆ ಕೊಯ್ದರು. ಒಂದು ಹೊಲದ ಒಂದು ವರ್ಷದ ಮಾತು ಇದು, ಇದನ್ನು ಹಿಡಿದು ಯಾರೂ ದೊಡ್ಡ ಲೆಕ್ಕ ಹಾಕಬಾರದು. ಬರಕ್ಕೆ ಇದು ಮದ್ದಲ್ಲ. ಬಿದ್ದ ಸ್ವಲ್ಪ ಮಳೆ ಹೊಲದಲ್ಲೇ ಉಳಿಯಿತು ಅಷ್ಟೇ.

ನಿಲ್ಲದೇ ಹೋದದ್ದನ್ನೂ ಹೇಳಬೇಕು. ಒಡ್ಡಿನ ಮೇಲೆ ಲಾವಂಚ ಹಚ್ಚಿದ್ದರು, ಮೊದಲ ಬೇಸಿಗೆಯಲ್ಲೇ ಬಹುಪಾಲು ಒಣಗಿತು, ನೀರು ಹಾಕುವವರು ಯಾರು? ಹಸಿರೆಲೆ ಗೊಬ್ಬರದ ಗ್ಲಿರಿಸಿಡಿಯಾ ಸಸಿಗಳನ್ನು ರಾಶಿ ಆದ ಮೇಲೆ ಹೊಲಕ್ಕೆ ಬಂದ ಕುರಿ ಹಿಂಡು ತಿಂದು ಮುಗಿಸಿತು. ಕುರಿ ಬೇಡ ಅನ್ನುವ ಹಾಗಿಲ್ಲ, ಕುರಿ ಗೊಬ್ಬರ ಬೇಕೇ ಬೇಕು. ಒಡ್ಡಿನ ಮೇಲೆ ತಾನಾಗಿ ಬಂದದ್ದು ಕರಿಕೆ, ಅಂದರೆ ಗರಿಕೆ ಹುಲ್ಲು. ಮಣ್ಣು ಹಿಡಿಯಲು ಅದಕ್ಕಿಂತ ಒಳ್ಳೆಯ ಹುಲ್ಲಿಲ್ಲ, ಆದರೆ ಅದು ಹೊಲಕ್ಕೆ ಇಳಿದರೆ ತೆಗೆಯಲು ಪಲ್ಟಿ ನೇಗಿಲು ಹೊಡೆಸಬೇಕು. ಎರಡನೆಯವರು ಪ್ರತಿ ವರ್ಷ ಒಡ್ಡಿನ ಎರಡೂ ಅಂಚು ಹರಗಿ ಅದನ್ನು ಒಡ್ಡಿನ ಮೇಲಷ್ಟೇ ಇಟ್ಟಿದ್ದಾರೆ. ದನಕ್ಕೆ ಮೇವೂ ಆಗುತ್ತದೆ. ಯಾರೂ ಶಿಫಾರಸು ಮಾಡದ ಈ ಉಪಾಯವೇ ಉಳಿದುಕೊಂಡಿತು.

ಬಾಂದಿನ ಹಳೆಯ ಕೊರಕಲು ಮೊದಲೆರಡು ಪಟ್ಟಿಗಳ ನಡುವೆ ಈಗ ಗುರುತೂ ಸಿಗುವುದಿಲ್ಲ. ಮೂರನೆಯವರ ಎರಡೂ ಪಕ್ಕದಲ್ಲಿ ಇನ್ನೂ ಇದೆ, ಮೇಲಕ್ಕೆ ಬೆಳೆಯುತ್ತಲೂ ಇದೆ. ಇವರ ಒಡ್ಡಿನ ತುದಿಯನ್ನು ಅದು ಕೊರೆಯಲು ಶುರು ಮಾಡಿದೆ. ಇದೇ ಈಗಿನ ತಲೆನೋವು. ಈ ಸಲ ಯುಗಾದಿಗೆ ಲಾವಣಿ ಮುಗಿಯುವಾಗ ಮೂರನೆಯವರು ಊರಿಗೆ ಬಂದಿದ್ದರು, ದೊಡ್ಡವರು ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಕೊರಕಲಿನಲ್ಲಿ ನಿಲ್ಲಿಸಿ ತೋರಿಸಿದರು. ಹೊಲ ಮತ್ತೆ ಲಾವಣಿಗೇ ಹೋಗಿದೆ, ಆದರೆ ಒಂದೇ ವರ್ಷಕ್ಕಲ್ಲ, ಮೂರು ವರ್ಷಕ್ಕೆ. ಕರಾರಿನಲ್ಲಿ ಎರಡು ಸಾಲು ಹೊಸದಾಗಿ ಸೇರಿವೆ: ಇಳಿಜಾರಿಗೆ ಅಡ್ಡ ಹರಗಬೇಕು, ಒಡ್ಡಿನ ಕೋಡಿ ಮುಚ್ಚಬಾರದು. ಕೋಡಿ ಕಟ್ಟುವ ಖರ್ಚು ಹೊಲದ ಒಡೆಯರದ್ದೋ ಲಾವಣಿಯವರದ್ದೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಲಾವಣಿಯಲ್ಲಿ ಮುರಿದುಕೊಳ್ಳೋಣ ಅಂತ ಹೊಸಬರು ಕೇಳುತ್ತಿದ್ದಾರೆ, ಮೂರನೆಯವರು ಅರ್ಧ ಅರ್ಧ ಅನ್ನುತ್ತಿದ್ದಾರೆ. ಮೃಗಶಿರ ಮಳೆಗಿಂತ ಮುಂಚೆ ಒಂದು ಕಡೆ ಬಂದರೆ ಕಲ್ಲು ಇಳಿಸಬಹುದು.